ತಿನ್ನುವ ಎಲೆ, ಸೀಸೆಯ ತೈಲ: ಹೆಸರು ಒಂದೇ, ಗುಣ ಬೇರೆ

ದಾಂಡೇಲಿ: ತುಳಸಿ, ದೊಡ್ಡಪತ್ರೆ, ಕರಿಬೇವು, ವೀಳ್ಯದೆಲೆ, ಅರಿಶಿನದ ಎಲೆ, ದಾಲ್ಚಿನ್ನಿ ಎಲೆ, ಮಜ್ಜಿಗೆ ಹುಲ್ಲು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಇವುಗಳಿಗಾಗಿ ಪೇಟೆಗೆ ಹೋಗಬೇಕಾದ ಅಗತ್ಯ ಹೆಚ್ಚಿನ ಮನೆಗಳಿಗಿಲ್ಲ. ಹಿತ್ತಿಲಿನಲ್ಲಿ, ಬೇಲಿಯಂಚಿನಲ್ಲಿ, ಕಾಡಿನಲ್ಲಿ ಸಿಗುವ ನಿತ್ಯದ ವಸ್ತುಗಳಿವು. ತಂಬುಳಿಗೆ ಒಂದು, ಒಗ್ಗರಣೆಗೆ ಒಂದು, ಕಡುಬು ಸುತ್ತಲು ಒಂದು, ಕೆಮ್ಮಿನ ಕಷಾಯಕ್ಕೆ ಇನ್ನೊಂದು.

ಇದೇ ಎಲೆಗಳನ್ನು ಹಬೆಯಲ್ಲಿ ಭಟ್ಟಿ ಇಳಿಸಿ ತೆಗೆದ ಸುಗಂಧ ತೈಲ, ಅಂದರೆ ಅಂಗಡಿಯವರು ಎಸೆನ್ಷಿಯಲ್ ಆಯಿಲ್ ಎಂದು ಕರೆಯುವ ಸರಕು, ಇಂದು ನಗರದ ಮಳಿಗೆಗಳಲ್ಲಿಯೂ ಅಂತರ್ಜಾಲದ ಮಾರುಕಟ್ಟೆಯಲ್ಲಿಯೂ ಸಣ್ಣ ಕಂದು ಸೀಸೆಗಳಲ್ಲಿ ಬಿಕರಿಯಾಗುತ್ತಿದೆ. ಸೀಸೆಯ ಮೇಲೆ ‘ಶುದ್ಧ’, ‘ನೈಸರ್ಗಿಕ’ ಎಂಬ ಎರಡು ಪದಗಳು ತಪ್ಪದೆ ಇರುತ್ತವೆ. ಕೊಳ್ಳುವವರ ತರ್ಕ ಸರಳ: ಅಜ್ಜಿಯ ಕಾಲದಿಂದ ತಿನ್ನುತ್ತ ಬಂದ ಎಲೆ, ಅದರ ತೈಲದಿಂದ ಆಗುವ ಅಪಾಯವಾದರೂ ಏನು?

ಈ ತರ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಸಾಕ್ಷಿಯನ್ನು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. ದಾಂಡೇಲಿಯಿಂದ ನೂರು ಕಿಲೋಮೀಟರಿನೊಳಗಿರುವ ಬೆಳಗಾವಿಯಲ್ಲೇ ಅದು ದೊರೆಯುತ್ತದೆ.

ಬೆಳಗಾವಿಯ ವರದಿ ಹೇಳಿದ್ದೇನು?

ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ಸಂಸ್ಥೆಯೊಂದಿದೆ. ಮೊದಲು ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿದ್ದ ಅದು ಈಗ ರಾಷ್ಟ್ರೀಯ ಸಾಂಪ್ರದಾಯಿಕ ಔಷಧ ಸಂಸ್ಥೆಯಾಗಿದೆ. ಪಶ್ಚಿಮ ಘಟ್ಟದ ಸಸ್ಯಗಳ ತೈಲಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಯಾವ ಯಾವ ರಾಸಾಯನಿಕ ಎಷ್ಟೆಷ್ಟಿದೆ ಎಂದು ದಾಖಲಿಸುವ ಕೆಲಸ ಅಲ್ಲಿ ವರ್ಷಗಳಿಂದ ನಡೆದಿದೆ. ವಾಯಗ್ಯ ಎನ್ನಬಹುದಾದ ಈ ಕರ್ನಾಟಕದ ಮೂಲೆಯಲ್ಲಿ ಬೆಳೆದ ಎರಡು ಬಗೆಯ ತುಳಸಿಯ ತೈಲಗಳ ಕುರಿತು ಅಲ್ಲಿನ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ರಾಮ ತುಳಸಿ ಎನ್ನಲಾಗುವ ದೊಡ್ಡ ಎಲೆಯ ಗಿಡದ ತೈಲದಲ್ಲಿ ಶೇ 75ರಷ್ಟು ಇದ್ದದ್ದು ಯೂಜಿನಾಲ್. ಲವಂಗಕ್ಕೆ ಅದರ ವಾಸನೆ ಕೊಡುವ ವಸ್ತುವೇ ಅದು. ಆದರೆ ಕಟ್ಟೆಯಲ್ಲಿಟ್ಟು ಪೂಜಿಸುವ ತುಳಸಿಯ ತೈಲದಲ್ಲಿ ಶೇ 92ರಷ್ಟು ಇದ್ದದ್ದು ಮೀಥೈಲ್ ಯೂಜಿನಾಲ್.

ಹೆಸರಿನಲ್ಲಿ ‘ಮೀಥೈಲ್’ ಎಂಬ ಒಂದು ಪದ ಮಾತ್ರ ಹೆಚ್ಚು. ದೇಹದೊಳಗಿನ ವರ್ತನೆಯಲ್ಲಿ ಅಂತರ ಬಹಳ.

ಮುಂಡಗೋಡ, ಹಳಿಯಾಳ ಭಾಗದ ಮಾವು ಬೆಳೆಗಾರರಿಗೆ ಈ ಮೀಥೈಲ್ ಯೂಜಿನಾಲ್ ಹೊಸ ಹೆಸರೇನಲ್ಲ. ಹಣ್ಣುನೊಣವನ್ನು ಸೆಳೆದು ಹಿಡಿಯಲು ತೋಟದಲ್ಲಿ ನೇತುಹಾಕುವ ಮೋಹಕ ಬಲೆಯಲ್ಲಿರುವುದು ಇದೇ. ಗಂಡು ನೊಣಕ್ಕೆ ಇದರ ವಾಸನೆ ತಡೆಯಲಾಗದ ಆಕರ್ಷಣೆ. ಪ್ರಯೋಗಾಲಯದ ಇಲಿಗಳ ವಿಷಯದಲ್ಲಿ ಕಥೆ ಬೇರೆಯಾಯಿತು. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2000ದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ವಸ್ತುವನ್ನು ಎರಡು ವರ್ಷ ಕಾಲ ಹೊಟ್ಟೆಗೆ ಕೊಟ್ಟ ಇಲಿ ಮತ್ತು ಚಿಟ್ಟಿಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಬೆಳೆದವು. ಯಕೃತ್ತಿನ ಕಿಣ್ವಗಳು ಇದನ್ನು ಇನ್ನೊಂದು ರೂಪಕ್ಕೆ ಪರಿವರ್ತಿಸುತ್ತವೆ. ಆ ರೂಪ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಮನುಷ್ಯರ ಯಕೃತ್ತಿನ ಮಾದರಿಗಳಲ್ಲಿಯೂ ಅಂಥ ಅಂಟಿಕೆ ಕಂಡುಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2023ರಲ್ಲಿ ಮೀಥೈಲ್ ಯೂಜಿನಾಲನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವ ಹೆಚ್ಚು’ ಎಂಬ 2ಎ ವರ್ಗಕ್ಕೆ ಏರಿಸಿತು. ಅದಕ್ಕೆ ಮೊದಲು ಅದು ಒಂದು ಮೆಟ್ಟಿಲು ಕೆಳಗೆ, 2ಬಿ ವರ್ಗದಲ್ಲಿತ್ತು. ಅದೇ ಸಭೆಯಲ್ಲಿ ಕೃತಕ ಸಿಹಿಕಾರಕ ಆಸ್ಪರ್ಟೇಮ್ ಕೂಡ ಪರಿಶೀಲನೆಗೆ ಬಂದಿತ್ತು. ಆಸ್ಪರ್ಟೇಮ್ ಜಗತ್ತಿನ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಹೋಯಿತು. ಅದಕ್ಕಿಂತ ಮೇಲಿನ ವರ್ಗಕ್ಕೆ ಸೇರಿದ, ನಮ್ಮ ತುಳಸಿಯೊಂದಿಗೆ ನೇರ ಸಂಬಂಧವಿರುವ ವಸ್ತುವಿನ ಬಗ್ಗೆ ಮಾಧ್ಯಮಗಳು ಹೆಚ್ಚೇನೂ ಬರೆಯಲಿಲ್ಲ. ಈ ದೂರಿನಲ್ಲಿ ನಮ್ಮದೂ ಪಾಲಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಈ ವರ್ಗೀಕರಣ ಒಂದು ವಸ್ತುವಿಗೆ ಕ್ಯಾನ್ಸರ್ ತರುವ ಶಕ್ತಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತದೆ. ಎಷ್ಟು ಪ್ರಮಾಣದಲ್ಲಿ ಅಪಾಯ ಎಂಬುದನ್ನು ಹೇಳುವುದಿಲ್ಲ. ಕೆಂಪು ಮಾಂಸವೂ ಇದೇ 2ಎ ಪಟ್ಟಿಯಲ್ಲಿದೆ. ಆದ್ದರಿಂದ ತೀರ್ಥದಲ್ಲಿ ಬರುವ ನಾಲ್ಕು ದಳ ತುಳಸಿಯನ್ನೋ ಸಂಜೆಯ ಕಷಾಯವನ್ನೋ ಕಂಡು ಹೆದರುವುದಕ್ಕೆ ಇದು ಕಾರಣವಾಗದು. ಪ್ರಶ್ನೆ ಇರುವುದು ಪ್ರಮಾಣದಲ್ಲಿ.

ಹನಿಯ ಲೆಕ್ಕ

ನೂರು ಕಿಲೋ ಹಸಿ ತುಳಸಿಯನ್ನು ಭಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಅರ್ಧ ಕಿಲೋ ತೈಲವೂ ಬರುವುದಿಲ್ಲ. ನಾನೂರು ಗ್ರಾಂ ಬಂತೆಂದೇ ಇಟ್ಟುಕೊಳ್ಳೋಣ. ಒಂದು ಮಿಲಿಲೀಟರಿಗೆ ಸುಮಾರು ಇಪ್ಪತ್ತು ಹನಿ. ಒಂದು ಹನಿಯ ತೂಕ ಸರಿಸುಮಾರು 50 ಮಿಲಿಗ್ರಾಂ. ಅಂದರೆ ಒಂದು ಹನಿ ತೈಲದ ಹಿಂದೆ ಹನ್ನೆರಡು ಗ್ರಾಮಿಗೂ ಹೆಚ್ಚು ಹಸಿ ಎಲೆ ಇದೆ. ನಾಲ್ಕು ದಳ ಬಾಯಿಗೆ ಹಾಕಿಕೊಳ್ಳುವವನು ಒಂದು ಗ್ರಾಮನ್ನೂ ತಿನ್ನುವುದಿಲ್ಲ. ‘ದಿನಕ್ಕೆ ಐದಾರು ಹನಿ ಬಿಸಿನೀರಿಗೆ’ ಎಂಬ ಸಲಹೆಯನ್ನು ಪಾಲಿಸುವವನು ಎಪ್ಪತ್ತು ಗ್ರಾಂ ಎಲೆಯ ಸಾರವನ್ನು, ಅದರ ನಾರು, ನೀರು, ಉಳಿದೆಲ್ಲ ಅಂಶಗಳನ್ನು ಬಿಟ್ಟು, ಒಮ್ಮೆಗೇ ಕುಡಿಯುತ್ತಾನೆ. ಇಷ್ಟು ತುಳಸಿಯನ್ನು ಯಾವ ಅಜ್ಜಿಯೂ ಯಾರಿಗೂ ಪ್ರತಿದಿನ ತಿನ್ನಿಸಿಲ್ಲ. ಅಂದ ಮೇಲೆ ‘ಅಜ್ಜಿಯ ಕಾಲದಿಂದ’ ಎಂಬ ಅನುಭವದ ಆಧಾರ ಸೀಸೆಗೆ ಅನ್ವಯಿಸುವುದಿಲ್ಲ.

ಯುರೋಪಿನ ಕಾನೂನು ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದೆ. ಯುರೋಪ್ ಒಕ್ಕೂಟದ 2008ರ ಸುವಾಸನಾ ಪದಾರ್ಥಗಳ ನಿಯಮವು ಮೀಥೈಲ್ ಯೂಜಿನಾಲ್, ಎಸ್ಟ್ರಗೋಲ್ ಮತ್ತು ಸ್ಯಾಫ್ರೋಲ್‌ಗಳನ್ನು ಆಹಾರಕ್ಕೆ ನೇರವಾಗಿ ಬೆರೆಸುವುದನ್ನು ನಿಷೇಧಿಸಿ, ತೈಲ ಮುಂತಾದ ಸುವಾಸನಾ ಪದಾರ್ಥಗಳ ಮೂಲಕ ಬರುವುದಕ್ಕೂ ಮಿತಿ ಹಾಕಿದೆ. ಆದರೆ ಹಸಿ, ಒಣಗಿದ ಅಥವಾ ಶೈತ್ಯೀಕರಿಸಿದ ಸೊಪ್ಪು-ಮಸಾಲೆಗಳನ್ನಷ್ಟೇ ಬಳಸಿದ ಅಡುಗೆಗೆ ಆ ಮಿತಿ ಅನ್ವಯಿಸದು. ಎಲೆಗೆ ಒಂದು ನ್ಯಾಯ, ತೈಲಕ್ಕೆ ಇನ್ನೊಂದು.

ನಮ್ಮ ದೇಶದ ನಿಯಮವೂ ಮೌನವಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯಲ್ಲಿ ಆಹಾರದಲ್ಲಿ ಬಳಸಬಾರದ ಸುವಾಸನಾ ಪದಾರ್ಥಗಳ ಒಂದು ಪಟ್ಟಿ ಇದೆ. ಕೂಮರಿನ್, ಎಸ್ಟ್ರಗೋಲ್, ಸ್ಯಾಫ್ರೋಲ್, ಥೂಜೋನ್‌ಗಳ ಸಾಲಿನಲ್ಲಿ ‘ಯೂಜೆನೈಲ್ ಮೀಥೈಲ್ ಈಥರ್’ ಎಂಬ ಹೆಸರು ಕಾಣುತ್ತದೆ. ಮೀಥೈಲ್ ಯೂಜಿನಾಲಿನ ಇನ್ನೊಂದು ಹೆಸರು ಅದು. ಸೀಸೆಯ ಮೇಲೆ ತುಳಸಿ ಎಂದು ಬರೆದಿದ್ದರೆ ಅದರೊಳಗಿನ ಶೇ 92 ಭಾಗ ಈ ಪಟ್ಟಿಯ ವಸ್ತುವೇ ಆಗಿರಬಹುದೆಂದು ಯಾವ ಗ್ರಾಹಕ ಊಹಿಸಿಯಾನು?

ಹಾಗೆಂದು ಎಲ್ಲ ತುಳಸಿ ತೈಲವೂ ಹೀಗೆಯೇ ಎಂದು ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ. ಒಂದೇ ಪ್ರಭೇದದ ಗಿಡಗಳಲ್ಲಿ ಕೆಲವು ಯೂಜಿನಾಲನ್ನು, ಕೆಲವು ಮೀಥೈಲ್ ಯೂಜಿನಾಲನ್ನು, ಇನ್ನು ಕೆಲವು ಎಸ್ಟ್ರಗೋಲನ್ನು ಹೆಚ್ಚಾಗಿ ತಯಾರಿಸುತ್ತವೆ. ನೋಡಲು ಒಂದೇ, ಮೂಸಿದರೂ ಅನುಭವಿಗಳಿಗೆ ಮಾತ್ರ ತಿಳಿದೀತು. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ‘ಸಿಮ್-ಆಯು’ ಎಂಬ ತುಳಸಿ ತಳಿಯನ್ನು ಬಿಡುಗಡೆ ಮಾಡಿದ್ದು ಅದರಲ್ಲಿ ಯೂಜಿನಾಲ್ ಹೇರಳವಾಗಿದೆ ಎಂಬ ಕಾರಣಕ್ಕೆ. ಸಂಸ್ಥೆಯ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿಯೂ ಇದೆ. ಯಾವ ತಳಿ ನೆಟ್ಟೆವು ಎಂಬುದು ಗೊತ್ತಿದ್ದರೆ ಅರ್ಧ ಸಮಸ್ಯೆ ಪರಿಹಾರವಾದಂತೆ. ಬೇಲಿಯಲ್ಲಿ, ಗೋಮಾಳದಲ್ಲಿ ಸಿಕ್ಕಿದ್ದನ್ನೆಲ್ಲ ಒಟ್ಟುಗೂಡಿಸಿ ಭಟ್ಟಿಗೆ ಹಾಕಿದಾಗ ಗೊತ್ತಾಗುವುದು ಯಂತ್ರದ ಪರೀಕ್ಷೆಯಿಂದ ಮಾತ್ರ.

ಉಳಿದ ಎಲೆಗಳು

ದಾಲ್ಚಿನ್ನಿಯ ವಿಷಯ ಇನ್ನೂ ಕುತೂಹಲಕರ. ಒಂದೇ ಮರದ ತೊಗಟೆಯ ತೈಲದಲ್ಲಿ ಪ್ರಧಾನವಾದದ್ದು ಸಿನ್ನಮಾಲ್ಡಿಹೈಡ್. ಎಲೆಯ ತೈಲದಲ್ಲಿ ಯೂಜಿನಾಲ್, ಅದೂ ಹೆಚ್ಚಾಗಿ ಶೇ 70ಕ್ಕಿಂತ ಮೇಲೆ. ಇದು ತೋಟದ ದಾಲ್ಚಿನ್ನಿಯ ಮಾತು. ಜೋಯಿಡಾದ ಕಾಡುಗಳಲ್ಲಿ ಬೆಳೆಯುವ ಕಾಡು ದಾಲ್ಚಿನ್ನಿ ಒಂದೇ ಪ್ರಭೇದದ್ದಲ್ಲ. ಒಂದರ ಎಲೆಯಲ್ಲಿ ಇರುವುದು ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಪೇಟೆಗೆ ಬಂದ ಮೇಲೆ ಎಲ್ಲಕ್ಕೂ ಪಲಾವ್ ಎಲೆ ಎಂಬ ಒಂದೇ ಹೆಸರು.

ಯೂಜಿನಾಲಿಗೆ ಅಂತಾರಾಷ್ಟ್ರೀಯ ತಜ್ಞರ ಸಮಿತಿ ಮಿತಿಯೊಂದನ್ನು ನಿಗದಿ ಮಾಡಿದೆ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 2.5 ಮಿಲಿಗ್ರಾಂ. ಹತ್ತು ಕಿಲೋ ತೂಗುವ ಮಗುವಿಗೆ 25 ಮಿಲಿಗ್ರಾಂ ಆಯಿತು. ಶೇ 75 ಯೂಜಿನಾಲ್ ಇರುವ ದಾಲ್ಚಿನ್ನಿ ಎಲೆಯ ತೈಲದ ಒಂದೇ ಹನಿಯಲ್ಲಿ 35 ಮಿಲಿಗ್ರಾಮಿಗೂ ಹೆಚ್ಚು ಇರುತ್ತದೆ. ಮಿತಿ ದಾಟಿದ ತಕ್ಷಣ ವಿಷವಾಗುತ್ತದೆಂದಲ್ಲ, ಇದು ಜೀವಮಾನವಿಡೀ ಪ್ರತಿದಿನ ಸೇವಿಸಿದರೂ ಚಿಂತೆಯಿಲ್ಲದ ಪ್ರಮಾಣ. ಆದರೆ ಸೀಸೆಯೇ ಮಗುವಿನ ಕೈಗೆ ಸಿಕ್ಕಿದರೆ ಏನಾಗಬಹುದೆಂಬುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಬ್ರಿಟನ್ನಿನಲ್ಲಿ 5ರಿಂದ 10 ಮಿಲಿಲೀಟರ್ ಲವಂಗದ ಎಣ್ಣೆ ಕುಡಿದ ಎರಡು ವರ್ಷದ ಮಗುವಿಗೆ ಸೆಳವು ಬಂದು, ಪ್ರಜ್ಞೆ ತಪ್ಪಿ, ಯಕೃತ್ತು ಹಾನಿಗೊಳಗಾದ ಪ್ರಕರಣ 1993ರಲ್ಲಿ ವರದಿಯಾಯಿತು. ಮಗು ಬದುಕಿತು. ಲವಂಗದ ಎಣ್ಣೆಯ ಪ್ರಧಾನ ಅಂಶವೂ ಯೂಜಿನಾಲೇ.

ದೊಡ್ಡಪತ್ರೆಯ ತೈಲದಲ್ಲಿ ಹೆಚ್ಚಾಗಿ ಕಾಣುವುದು ಕಾರ್ವಕ್ರಾಲ್ ಮತ್ತು ಥೈಮಾಲ್, ಓಮದ ವಾಸನೆಯ ಬಳಗ. ಬಾಣಲೆಯಲ್ಲಿ ಬಾಡಿಸಿ ಮಜ್ಜಿಗೆಯೊಂದಿಗೆ ರುಬ್ಬಿದ ತಂಬುಳಿಯಲ್ಲಿ ಇವು ಕೆಲವೇ ಮಿಲಿಗ್ರಾಂ. ಶುದ್ಧ ತೈಲವಾಗಿ ಕೂಸಿನ ಎದೆಗೆ ಹಚ್ಚಿದರೆ ಚರ್ಮ ಸುಟ್ಟಂತೆ ಕೆಂಪಾಗಬಹುದು. ಮಜ್ಜಿಗೆ ಹುಲ್ಲಿನ ತೈಲದ ಮುಕ್ಕಾಲು ಭಾಗ ಸಿಟ್ರಾಲ್. ಅದರಿಂದ ಕೆಲವರಿಗೆ ಚರ್ಮದ ಒಗ್ಗದಿಕೆ ಉಂಟಾಗುತ್ತದೆ ಎಂಬ ಕಾರಣಕ್ಕೆ ಸುಗಂಧೋದ್ಯಮದ ಅಂತಾರಾಷ್ಟ್ರೀಯ ಸಂಘ ತಾನೇ ಅದರ ಬಳಕೆಗೆ ಮಿತಿ ಹಾಕಿಕೊಂಡಿದೆ. ಕರಿಬೇವು, ಅರಿಶಿನದ ಎಲೆಗಳಲ್ಲಿ ಟರ್ಪೀನುಗಳದ್ದೇ ಪ್ರಾಬಲ್ಯ. ಇವುಗಳ ಮೇಲೆ ದೊಡ್ಡ ಆರೋಪವೇನಿಲ್ಲ, ಆದರೆ ಗಾಳಿ-ಬೆಳಕಿಗೆ ತೆರೆದಿಟ್ಟ ಹಳೆಯ ತೈಲ ಚರ್ಮಕ್ಕೆ ಆಗದು.

ವೀಳ್ಯದೆಲೆಯ ಬಗೆಗಳಲ್ಲಿ ಬಾಂಗ್ಲಾ ಎಲೆಯ ತೈಲದಲ್ಲಿ ಯೂಜಿನಾಲ್, ಮೀಠಾ ಎಲೆಯಲ್ಲಿ ಸೋಂಪಿನ ವಾಸನೆಯ ಅನೆಥೋಲ್, ಇನ್ನು ಕೆಲವು ಬಗೆಗಳಲ್ಲಿ ಮೇಲೆ ಹೇಳಿದ ನಿಷೇಧಿತ ಪಟ್ಟಿಯ ಸ್ಯಾಫ್ರೋಲ್ ಪ್ರಧಾನವಾಗಿರುವುದು ಪರೀಕ್ಷೆಗಳಿಂದ ತಿಳಿದಿದೆ. ಊಟದ ನಂತರ ಎಲೆ ಹಾಕಿಕೊಳ್ಳುವ ಹಿರಿಯರಿಗೆ ಬಾಂಗ್ಲಾ ಯಾವುದು, ಅಂಬಾಡಿ ಯಾವುದು ಎಂದು ನಾಲಿಗೆಯೇ ಹೇಳುತ್ತದೆ. ಸೀಸೆ ಕೊಳ್ಳುವ ಯುವಕನಿಗೆ ಆ ವಿದ್ಯೆಯೂ ಇಲ್ಲ, ಚೀಟಿಯಲ್ಲಿ ಮಾಹಿತಿಯೂ ಇಲ್ಲ.

ತಿನ್ನದ ಎಲೆಯ ಪಾಠ

ನೀಲಗಿರಿ ತಿನ್ನುವ ಎಲೆಯಲ್ಲ. ಆದರೂ ಕಾಗದ ಕಾರ್ಖಾನೆಯ ಊರಾದ ದಾಂಡೇಲಿಯಿಂದ ಬರೆಯುವಾಗ ಅದನ್ನು ಬಿಡಲಾಗದು. ‘ಮನೆಮದ್ದು’ ಎಂಬ ಹೆಸರಿನಡಿ ತೈಲಗಳು ಎಷ್ಟು ಅಲಕ್ಷ್ಯದಿಂದ ಬಳಕೆಯಾಗುತ್ತವೆ ಎಂಬುದಕ್ಕೆ ಕರ್ನಾಟಕದ್ದೇ ವೈದ್ಯಕೀಯ ಪುರಾವೆ ಇರುವುದು ಈ ಎಲೆಯ ವಿಷಯದಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞ ಡಾ. ಥಾಮಸ್ ಮ್ಯಾಥ್ಯೂ ಮತ್ತು ಸಂಗಡಿಗರು ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ಕಾಲ, ಸೆಳವಿನ ಕಾರಣದಿಂದ ಬಂದ 350 ವಯಸ್ಕ ರೋಗಿಗಳನ್ನು ಒಂದು ಹೆಚ್ಚುವರಿ ಪ್ರಶ್ನೆ ಕೇಳಿದರು: ಯಾವುದಾದರೂ ಸುಗಂಧ ತೈಲ ಬಳಸಿದ್ದೀರಾ? 55 ಮಂದಿಯ ಸೆಳವಿಗೆ ತೈಲದ ನಂಟು ಕಂಡುಬಂತು. ಆ 55ರಲ್ಲಿ 22 ಜನರಿಗೆ ಅದಕ್ಕೆ ಹಿಂದೆ ಮೂರ್ಛೆರೋಗವೇ ಇರಲಿಲ್ಲ. ಕಾರಣವಾದದ್ದು ಹೆಚ್ಚಾಗಿ ನೀಲಗಿರಿ ಮತ್ತು ಕರ್ಪೂರ ಸೇರಿದ ಮುಲಾಮು, ಎಣ್ಣೆಗಳು. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಖ್ಯ ಸಂಗತಿ ಸಂಖ್ಯೆಗಿಂತಲೂ ಆ ಪ್ರಶ್ನೆಯಲ್ಲಿದೆ ಎಂದು ನನಗೆ ತೋರುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ತಲೆನೋವಿಗೆ ಹಚ್ಚಿಕೊಂಡದ್ದನ್ನು ಔಷಧವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಕಾಡಿನವರ ಪಾಲು

ಈ ಚರ್ಚೆಗೆ ಇನ್ನೊಂದು ಮಗ್ಗುಲಿದೆ. ಜೋಯಿಡಾದ ಕುಣಬಿಯರು, ಹಳಿಯಾಳ-ಮುಂಡಗೋಡದ ಸಿದ್ದಿಯರು ಮತ್ತು ಗೌಳಿಗಳು ಕಾಡಿನ ಕಿರು ಉತ್ಪನ್ನಗಳನ್ನು ಬಲ್ಲವರು. ಹಲವು ಕುಟುಂಬಗಳಿಗೆ ಅದು ಆದಾಯವೂ ಹೌದು. ಎಲೆಯನ್ನು ಎಲೆಯಾಗಿಯೇ ಮಾರಿದರೆ ಸಿಗುವುದು ಕಾಸು. ತೈಲವಾಗಿಸಿ ಮಾರಿದರೆ ಬೆಲೆ ಹಲವು ಪಟ್ಟು. ಕೇಂದ್ರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ‘ಅರೋಮಾ ಮಿಷನ್’ ಮಜ್ಜಿಗೆ ಹುಲ್ಲಿನಂತಹ ಬೆಳೆಗಳಿಗೆ ದೇಶದ ನಾನಾ ಕಡೆ ಪ್ರೋತ್ಸಾಹ ನೀಡಿದ್ದು ಇದೇ ಲೆಕ್ಕಾಚಾರದಿಂದ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಉತ್ಪನ್ನದ ಹಕ್ಕನ್ನೂ ಮಾನ್ಯ ಮಾಡಿದೆ. ಆದರೆ ಜೋಯಿಡಾ, ದಾಂಡೇಲಿಗಳ ದೊಡ್ಡ ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಜುಬಾಜಿನಲ್ಲಿದೆ. ನೂರು ಕಿಲೋ ಎಲೆಗೆ ಅರ್ಧ ಕಿಲೋ ತೈಲ ಎಂಬ ಲೆಕ್ಕವನ್ನು ಕಾಡು ದಾಲ್ಚಿನ್ನಿಗೆ ಅನ್ವಯಿಸಿ ನೋಡಿದರೆ, ಎಲೆ ಕೊಯ್ಯುವ ಬದಲು ಕೊಂಬೆಯನ್ನೇ ಕಡಿಯುವ ಆತುರ ಎಷ್ಟು ಬೇಗ ಹುಟ್ಟಬಹುದೆಂದು ಊಹಿಸಬಹುದು. ತೈಲದ ಭವಿಷ್ಯ ಇದ್ದರೆ ಅದು ಗದ್ದೆ ಬದಿಯಲ್ಲಿ, ಹಿತ್ತಿಲಿನಲ್ಲಿ ಬೆಳೆದ ಗಿಡದಲ್ಲಿದೆಯೇ ಹೊರತು ಕಾಡಿನಲ್ಲಿಲ್ಲ.

ಪರೀಕ್ಷೆಯ ವೆಚ್ಚ ಯಾರದು ಎಂಬುದೇ ನಿಜವಾದ ತೊಡಕು. ತೈಲದ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರಕ್ಕೆ ಜಿಸಿ-ಎಂಎಸ್ ಎಂದು ಹೆಸರು. ಅದನ್ನು ಸ್ವಸಹಾಯ ಸಂಘವೊಂದು ಕೊಳ್ಳಲಾರದು. ಈಗಿರುವ ಸ್ಥಿತಿಯಲ್ಲಿ ಪರೀಕ್ಷಿಸದ ತೈಲ ಕಡಿಮೆ ದರಕ್ಕೆ ಸಗಟು ವ್ಯಾಪಾರಿಯ ಡ್ರಮ್ಮಿಗೆ ಸೇರಿ, ಬೇರೆ ಊರುಗಳ ತೈಲದೊಂದಿಗೆ ಬೆರೆಯುತ್ತದೆ. ಲಾಭವೂ ಹೆಸರೂ ಸೀಸೆ ತುಂಬಿದವರಿಗೆ. ನಾಲ್ಕು ತಾಲ್ಲೂಕುಗಳ ಪೈಕಿ ಜೋಯಿಡಾದ ಮಳೆಯೇ ಬೇರೆ, ಮುಂಡಗೋಡದ ಒಣಹವೆಯೇ ಬೇರೆ. ಒಂದೇ ಜಾತಿಯ ಎಲೆಯ ತೈಲವೂ ಮಣ್ಣು, ಮಳೆ, ಕೊಯ್ಲಿನ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಪ್ರತಿ ಭಟ್ಟಿಯ ತೈಲಕ್ಕೂ ಒಂದು ಪುಟದ ವರದಿ ಜೊತೆಗಿದ್ದರೆ ಆ ವ್ಯತ್ಯಾಸವೇ ಬೆಲೆಯಾಗುತ್ತಿತ್ತು. ಬೆಳಗಾವಿ, ಬೆಂಗಳೂರುಗಳಲ್ಲಿ ಸಾರ್ವಜನಿಕ ಹಣದಿಂದ ನಡೆಯುವ ಪ್ರಯೋಗಾಲಯಗಳು ಇರುವಾಗ, ಸಣ್ಣ ಉತ್ಪಾದಕರ ಮಾದರಿಗಳನ್ನು ರಿಯಾಯಿತಿ ದರದಲ್ಲಿ ಪರೀಕ್ಷಿಸುವ ವ್ಯವಸ್ಥೆಯನ್ನು ಸರ್ಕಾರ ರೂಪಿಸುವುದು ಅಸಾಧ್ಯದ ಮಾತೇನಲ್ಲ. ವೆಚ್ಚದ ಉಳಿದ ಭಾಗವನ್ನು ಸೀಸೆ ತುಂಬುವ ಕಂಪನಿ ಭರಿಸಬೇಕು, ಎಲೆ ಕೊಯ್ದವರಲ್ಲ.

ಸೀಸೆಯ ಚೀಟಿಯಲ್ಲಿ ಏನಿರಬೇಕೆಂಬುದು ದೊಡ್ಡ ಬೇಡಿಕೆಯಲ್ಲ: ಗಿಡದ ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗದ ತೈಲ, ಪ್ರಧಾನ ಅಂಶಗಳು ಶೇಕಡಾವಾರು, ತಂಡದ ಸಂಖ್ಯೆ, ಕುಡಿಯಬಹುದೇ ಕೂಡದೇ ಎಂಬ ನೇರ ಮಾತು. ‘ತುಳಸಿ ತೈಲ, ನೂರಕ್ಕೆ ನೂರು ಶುದ್ಧ’ ಎಂಬ ಬರಹ ಬೆಳಗಾವಿ ವರದಿಯ ಎರಡು ಗಿಡಗಳಿಗೂ ಸಮಾನವಾಗಿ ಒಪ್ಪುತ್ತದೆ, ಎರಡರ ನಡುವಿನ ವ್ಯತ್ಯಾಸವನ್ನು ಹೇಳುವುದಿಲ್ಲ.

ಮಗು ತೈಲ ಕುಡಿದರೆ ವಾಂತಿ ಮಾಡಿಸಬಾರದು ಎಂಬುದು ವೈದ್ಯರ ಸ್ಪಷ್ಟ ಸೂಚನೆ. ತೈಲ ಶ್ವಾಸಕೋಶಕ್ಕೆ ಹೋದರೆ ಹಾನಿ ಇನ್ನೂ ಹೆಚ್ಚು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು, ಸೀಸೆಯನ್ನೂ ಜೊತೆಗೆ ಕೊಂಡೊಯ್ಯಬೇಕು. ಜೋಯಿಡಾದ ಒಳಹಳ್ಳಿಯಿಂದ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆ ತಲುಪಲು ಗಂಟೆಗಳೇ ಬೇಕು. ಯೂಜಿನಾಲ್ ಆಗಿದ್ದರೆ ಯಕೃತ್ತನ್ನು ಕಾಪಾಡಲು ಅಸಿಟೈಲ್ ಸಿಸ್ಟೀನ್ ಕೊಡುವ ಬಗ್ಗೆ ವೈದ್ಯರು ಯೋಚಿಸಬಹುದು. ನೀಲಗಿರಿ, ಕರ್ಪೂರವಾಗಿದ್ದರೆ ಸೆಳವಿಗೆ ಸಿದ್ಧರಾಗಬಹುದು. ಯಾವುದೆಂದು ನಿರ್ಧರಿಸಲು ಆ ರಾತ್ರಿ ಅವರ ಮುಂದಿರುವುದು ಸೀಸೆಯ ಮೇಲಿನ ಆ ಚೀಟಿಯೊಂದೇ.